ಡಯಲಿನ ರೋಮನ್ ಅಂಕಿ: ನಾಲ್ಕಕ್ಕೆ ನಾಲ್ಕು ಗೆರೆಯೋ, ಐ-ವಿಯೋ?

ರಥಬೀದಿ_ಉಡುಪಿ:
8 ಇಂಚಿನ ಹಳೆ ಪೆಂಡುಲಂ ಗಡಿಯಾರ. ತಗಡಿನ ಡಯಲಿಗೆ ಬಿಳಿ ಪೇಂಟ್, ಕಪ್ಪು ರೋಮನ್ ಅಂಕಿ. 3ರಿಂದ 8ರವರೆಗಿನ ಅಂಕಿಗಳು ಮಾಸಿಹೋಗಿವೆ, ಮತ್ತೆ ಬರೆಯಬೇಕು. ನಾಲ್ಕಕ್ಕೆ ನಾಲ್ಕು ಗೆರೆ ಹಾಕುವುದೋ, ಶಾಲೆಯಲ್ಲಿ ಕಲಿಸುವ ಹಾಗೆ ಐ-ವಿಯೋ? ಕೆಳಗಿನ ಅಂಕಿಗಳು ತಲೆಕೆಳಗಾಗಬೇಕೋ, ನೆಟ್ಟಗೋ?

ಗಡಿಯಾರ_ಕುಡ್ಲ:
ಹಳೆ ಡಯಲಾದರೆ ಹೆಚ್ಚಾಗಿ ನಾಲ್ಕು ಗೆರೆಯೇ. ತಪ್ಪೇನಲ್ಲ, ರೋಮಿನ ಕೊಲೋಸಿಯಂ ದ್ವಾರಗಳ ಸಂಖ್ಯೆಯಲ್ಲೂ ಹಾಗೇ ಉಂಟು. ಎದುರಿನ 8 ಭಾರದ ಅಂಕಿ, ನಾಲ್ಕು ಗೆರೆ ಇದ್ದರೆ ಎರಡೂ ಕಡೆ ತೂಗುತ್ತದೆ. ಲಂಡನ್ನಿನ ಬಿಗ್ ಬೆನ್ ಡಯಲಿನಲ್ಲಿ ಮಾತ್ರ ಐ-ವಿ. ನಿಮ್ಮದರಲ್ಲಿ ಏನಿತ್ತೆಂದು ಊಹಿಸಬೇಡಿ, ಕತ್ತಲಲ್ಲಿ ಟಾರ್ಚನ್ನು ಓರೆಯಾಗಿ ಹಿಡಿದು ನೋಡಿ. ಪೇಂಟ್ ಹೋದರೂ ಗುರುತು ಉಳಿದಿರುತ್ತದೆ.

ಅಂಕಿಗಳ ಬುಡ ಸಾಮಾನ್ಯವಾಗಿ ಕೇಂದ್ರದ ಕಡೆಗೆ. ಹಾಗಾಗಿ 6 ಪೂರ್ತಿ ತಲೆಕೆಳಗು, ವಿಯ ಚೂಪು ಮೇಲ್ಮುಖ. ಮುಳ್ಳು ತಿರುಗುವ ದಿಕ್ಕಿನಲ್ಲೇ ಓದಿಸಿಕೊಳ್ಳಬೇಕು: ಮೊದಲು ವಿ, ಆಮೇಲೆ ಗೆರೆ. ಎದುರು ನಿಂತವರಿಗೆ 6ರ ವಿ ಬಲಕ್ಕೆ ಕಾಣುತ್ತದೆ. ಇಲ್ಲೇ ಹೆಚ್ಚಿನವರು ಎಡವುವುದು. ವಿಯ ಎರಡು ಕಾಲುಗಳಲ್ಲಿ ಮೊದಲನೆಯದು ದಪ್ಪ, ಎರಡನೆಯದು ತೆಳು. ಬಲಭಾಗದ ಟ್ರೇಸಿಂಗ್ ಕಾಗದವನ್ನು ಮಗುಚಿ ಎಡಕ್ಕೆ ಹಾಕಿದರೆ ಇದೆಲ್ಲ ಉಲ್ಟಾ ಆಗುತ್ತದೆ. ಕಾಗದ ತಿರುಗಿಸಬೇಕು, ಮಗುಚಬಾರದು.

ಬೋರ್ಡ್_ಬರಹ:
ಅಳತೆ ಉಳಿದ 12, 1, 2ರಿಂದಲೇ ತೆಗೆಯಿರಿ ಮಾರಾಯ್ರೇ. ನಡುವಿನ ತೂತಿಗೆ ಬಿರಡೆ ತುರುಕಿ, ಅದರ ಮಧ್ಯೆ ಕೈವಾರದ ಮೊನೆ ಊರಿ, ಅಂಕಿಯ ತುದಿಗೊಂದು, ಬುಡಕ್ಕೊಂದು ವೃತ್ತ ಪೆನ್ಸಿಲಿನಲ್ಲಿ ಎಳೆಯಿರಿ. ಕೈವಾರ ಬದಲಿಸದೆ 12ರಿಂದ ಅದೇ ತ್ರಿಜ್ಯ ಹೆಜ್ಜೆ ಹಾಕಿಸಿದರೆ 2, 4, 6, 8, 10 ಸಿಗುತ್ತವೆ. ಪ್ರತಿ ಜಾಗವನ್ನೂ ಎರಡಾಗಿ ಒಡೆದರೆ ಉಳಿದವು.

ಕೇಂದ್ರದಿಂದ ಆ ಗುರುತುಗಳಿಗೆ ಗೆರೆ ಎಳೆದರೆ, ಅಂಕಿಯ ಒಟ್ಟು ಅಗಲದ ನಡು ಅದರದರ ಗೆರೆಯ ಮೇಲೆ ಬರಬೇಕು. 4ಕ್ಕೆ ಅದು ಎರಡನೇ, ಮೂರನೇ ಗೆರೆಗಳ ಸಂದಿನಲ್ಲಿ ಬೀಳುತ್ತದೆ. 8ರಲ್ಲಿ ವಿಯನ್ನೇ ನಡುವೆಂದು ಹಿಡಿದರೆ ಗೆರೆಗಳು 9ರ ಮೈಮೇಲೆ ಹೋಗುತ್ತವೆ. ಒಳವೃತ್ತದ ತ್ರಿಜ್ಯ 60 ಮಿ.ಮೀ. ಇದ್ದರೆ ಒಂದು ಗಂಟೆಗೆ ಸಿಗುವುದು 31 ಮಿ.ಮೀ. ಮಾತ್ರ. 8 ಅಲ್ಲಿ 25 ದಾಟದಿರಲಿ. ತುದಿ, ಬುಡದ ಅಡ್ಡಗೆರೆಗಳು ನೇರ ಅಲ್ಲ, ಆ ವೃತ್ತಗಳ ತುಂಡುಗಳೇ.

ಪೇಂಟಿಗೆ ಕಪ್ಪು ಸಿಂಥೆಟಿಕ್ ಎನಾಮೆಲ್, ಒಂದೆರಡು ಹನಿ ಟರ್ಪೆಂಟೈನ್. ಎನ್‌ಸಿ (ನೈಟ್ರೋಸೆಲ್ಯುಲೋಸ್ ಪೇಂಟಿನ) ಥಿನ್ನರ್ ಮುಟ್ಟಿಸಿದರೆ ಕೆಳಗಿನ ಬಿಳಿಯೂ ಎದ್ದು ಬರುತ್ತದೆ.

ಗಡಿಯಾರ_ಕುಡ್ಲ:
ಮೇಲೆ ಲ್ಯಾಕರ್ (ಪಾರದರ್ಶಕ ಲೇಪ) ಹೊಡೆಯುವುದಾದರೆ ಈ ಮಳೆಯಲ್ಲಿ ಬೇಡವೇ ಬೇಡ. ಅದರಲ್ಲಿನ ಥಿನ್ನರ್ ಬೇಗ ಆರಿ ಡಯಲ್ ತಣ್ಣಗಾಗುತ್ತದೆ, ಗಾಳಿಯ ಪಸೆ ಅದರ ಮೇಲೆ ಕೂತು ಬೂದಿ ಬಳಿದ ಹಾಗೆ ಬಿಳಿಚಿಕೊಳ್ಳುತ್ತದೆ.

ರಥಬೀದಿ_ಉಡುಪಿ:
ಟಾರ್ಚ್ ಹಿಡಿದು ನೋಡಿದೆ, ನಾಲ್ಕು ಗೆರೆಯ ಗುರುತು ಸರಿಯಾಗಿ ಕಾಣುತ್ತದೆ. ಅಂಕಿ ಈಗ ಬರೆಯುತ್ತೇನೆ, ಲ್ಯಾಕರ್ ದೀಪಾವಳಿ ಕಳೆದ ಮೇಲೆ.