ಲೋ ಕಾಸ್ಟೋ, ಫುಲ್ ಸರ್ವೀಸೋ? ಕೊನೆಗೆ ಇಳಿಯುವುದು ಸಣ್ಣ ಏರ್‌ಪೋರ್ಟ್‌ನಲ್ಲಿ

ಪಯಣಿಗ_42:

ನಾಲ್ಕು ಜನರ ಪ್ರಯಾಣ. ಇಬ್ಬರು ಎಪ್ಪತ್ತು ದಾಟಿದವರು, ಅವರಲ್ಲಿ ಒಬ್ಬರಿಗೆ ಮೆಟ್ಟಿಲು ಹತ್ತಲು ಆಗುವುದಿಲ್ಲ. ಚೆಕ್-ಇನ್‌ಗೆ 20 ಕೆ.ಜಿ.ಯ ಎರಡು ಸೂಟ್‌ಕೇಸ್. ಮುಟ್ಟಬೇಕಾದ ಊರಿಗೆ ಎರಡು ದಾರಿ ಇವೆ.

ಮೊದಲನೆಯದು ಲೋ ಕಾಸ್ಟ್. ನೇರ ವಿಮಾನ, ಆದರೆ ವಾರಕ್ಕೆ ಮೂರೇ ದಿನ. ರಾತ್ರಿ 9:40ಕ್ಕೆ ಇಳಿಯುತ್ತದೆ, ಏರ್‌ಪೋರ್ಟ್‌ನಿಂದ ಊರಿಗೆ 95 ಕಿ.ಮೀ. ಎರಡನೆಯದು ಫುಲ್ ಸರ್ವೀಸ್. ದೊಡ್ಡ ಏರ್‌ಪೋರ್ಟ್‌ನಲ್ಲಿ 1 ಗಂಟೆ 10 ನಿಮಿಷದ ಕನೆಕ್ಷನ್, ಅಲ್ಲಿಂದ ಎಟಿಆರ್ 72 (ಪ್ರೊಪೆಲ್ಲರ್‌ನ ಸಣ್ಣ ವಿಮಾನ), ಇಳಿಯುವ ಪುಟ್ಟ ಏರ್‌ಪೋರ್ಟ್ ಊರಿಗೆ 12 ಕಿ.ಮೀ. ಲೋ ಕಾಸ್ಟ್ ದರ ಇನ್ನೊಂದರ ಅರ್ಧ. ವಾಪಸ್ ಬಂದ ದಿನವೇ, ಬೇರೆಯಾಗಿ ಕೊಂಡ ಟಿಕೆಟ್‌ನಲ್ಲಿ ದೂರದ ಇನ್ನೊಂದು ವಿಮಾನ ಹಿಡಿಯುವುದಿದೆ.

ಬರೀ ದರ ನೋಡಿದರೆ ಉತ್ತರ ಸುಲಭ. ದರ ಬಿಟ್ಟು ಏನೇನು ತೂಗಿ ನೋಡಬೇಕು? ಸಣ್ಣ ಏರ್‌ಪೋರ್ಟ್ ಅಂದರೆ ಜನ ಎಡವುವುದು ಎಲ್ಲಿ?

—

ಕಿಟಕಿಪಕ್ಕದವ:

"ಅರ್ಧ ದರ" ಅನ್ನುವ ಲೆಕ್ಕ ಇನ್ನೂ ಮುಗಿದಿಲ್ಲ. ಲೋ ಕಾಸ್ಟ್‌ನಲ್ಲಿ ಕಾಣುವ ದರ ಬರೀ ಸೀಟಿನದು. ಅದರ ಮೇಲೆ ಎರಡು ಸೂಟ್‌ಕೇಸ್, ನಾಲ್ವರೂ ಒಟ್ಟಿಗೆ ಕೂರಬೇಕಾದರೆ ಸೀಟಿನ ಶುಲ್ಕ, ಕೆಲವು ಕಡೆ ಮೇಲಿನ ಬಿನ್‌ಗೆ ಹೋಗುವ ಕ್ಯಾಬಿನ್ ಬ್ಯಾಗಿಗೂ ಶುಲ್ಕ. ಲಗೇಜ್ ಶುಲ್ಕ ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ. ಟಿಕೆಟ್ ಜೊತೆಗೇ ಕೊಂಡರೆ ಕಡಿಮೆ, ಕೌಂಟರ್‌ನಲ್ಲಿ ಹೆಚ್ಚು, ಗೇಟ್‌ನಲ್ಲಿ ಎಲ್ಲಕ್ಕಿಂತ ಹೆಚ್ಚು. ಆನ್‌ಲೈನ್ ಚೆಕ್-ಇನ್ ಮಾಡದೆ ಹೋದರೆ ಬೋರ್ಡಿಂಗ್ ಪಾಸ್‌ಗೇ ದಂಡ ಹಾಕುವವರೂ ಇದ್ದಾರೆ. ಪೇಮೆಂಟ್ ಪುಟದ ಹಿಂದಿನ ಪುಟದವರೆಗೂ ಹೋಗಿ, ಎಲ್ಲವನ್ನೂ ಸೇರಿಸಿ, ಅಲ್ಲಿ ಕಾಣುವ ಮೊತ್ತ ಬರೆದುಕೊಳ್ಳಿ. ಫುಲ್ ಸರ್ವೀಸ್‌ನಲ್ಲೂ ಹೀಗೇ ಮಾಡಿ. ಈಗ ಅವರಲ್ಲೂ "ಲೈಟ್", "ಬೇಸಿಕ್" ಹೆಸರಿನ, ಲಗೇಜ್ ಇಲ್ಲದ ದರಗಳಿವೆ. ಹೆಸರು ನಂಬಿ ಹೋದವರು ಅಲ್ಲೂ ಸಿಕ್ಕಿಬೀಳುತ್ತಾರೆ.

ಆಮೇಲೆ ಆ 95 ಕಿ.ಮೀ. ಲೋ ಕಾಸ್ಟ್ ವಿಮಾನಗಳು ಇಳಿಯುವ ಜಾಗಕ್ಕೆ ದೊಡ್ಡ ನಗರದ ಹೆಸರು ಇಡುವುದು ಹಳೆಯ ಪದ್ಧತಿ. ಪ್ಯಾರಿಸ್ ಹೆಸರಿನ ಬೋವೆ ಏರ್‌ಪೋರ್ಟ್ ಪ್ಯಾರಿಸ್‌ನಿಂದ ಸುಮಾರು 85 ಕಿ.ಮೀ., ಫ್ರಾಂಕ್‌ಫರ್ಟ್ ಹೆಸರಿನ ಹಾನ್ ಸುಮಾರು 120, ಸ್ಟಾಕ್‌ಹೋಮ್ ಹೆಸರಿನ ಸ್ಕಾವ್‌ಸ್ಟಾ ಸುಮಾರು 100. ಅಲ್ಲೆಲ್ಲ ಬಸ್‌ಗಳು ವಿಮಾನದ ಸಮಯ ನೋಡಿಕೊಂಡು ಹೊರಡುತ್ತವೆ. ವಿಮಾನ ತಡವಾದರೆ ಕೊನೆಯ ಬಸ್ ಕಾಯುತ್ತದೆಯೇ ಎಂದು ಬಸ್ ಕಂಪನಿಯನ್ನೇ ಕೇಳಬೇಕು. ಕಾಯುವುದಿಲ್ಲ ಅಂದರೆ ನಾಲ್ವರಿಗೆ 95 ಕಿ.ಮೀ. ಟ್ಯಾಕ್ಸಿ, ಅಥವಾ ಅಲ್ಲೇ ಒಂದು ರಾತ್ರಿಯ ರೂಮು. ಇದನ್ನು ಅಪರೂಪದ ಖರ್ಚು ಅಂದುಕೊಳ್ಳದೆ ಲೆಕ್ಕಕ್ಕೆ ಹಾಕಿ.

ಬ್ಯಾಗ್ ಅಳತೆಯ ಬಗ್ಗೆ ಒಂದು ಮಾತು. ಲೋ ಕಾಸ್ಟ್‌ನಲ್ಲಿ ಪುಕ್ಕಟೆ ಬಿಡುವುದು ಸಾಮಾನ್ಯವಾಗಿ ಮುಂದಿನ ಸೀಟಿನ ಕೆಳಗೆ ಹಿಡಿಸುವ, 40x30x20 ಸೆಂ.ಮೀ. ಆಸುಪಾಸಿನ ಚೀಲ. ಅಳತೆ ಹಿಡಿಯುವಾಗ ಚಕ್ರ, ಹಿಡಿಕೆ ಎರಡೂ ಲೆಕ್ಕಕ್ಕೆ ಬರುತ್ತವೆ. 55x40x20 ಅಂತ ಮಾರುವ ಟ್ರಾಲಿ ಚಕ್ರ ಸೇರಿ 57 ಆಗಿದ್ದರೆ ಗೇಟ್‌ನ ಚೌಕಟ್ಟಿಗೆ ಇಳಿಯುವುದಿಲ್ಲ.

ಎಟಿಆರ್‌ನಲ್ಲಿ ತೊಂದರೆ ಬೇರೆ. ಅದರ ಮೇಲಿನ ಬಿನ್ ಚಿಕ್ಕದು, ಜೆಟ್‌ನಲ್ಲಿ ಸಲೀಸಾಗಿ ಹೋಗುವ ಟ್ರಾಲಿಯನ್ನು ಇಲ್ಲಿ ವಿಮಾನದ ಬಳಿಯೇ ಟ್ಯಾಗ್ ಹಾಕಿ ಹೋಲ್ಡ್‌ಗೆ (ವಿಮಾನದಲ್ಲಿ ಲಗೇಜ್ ತುಂಬುವ ಜಾಗಕ್ಕೆ) ತೆಗೆದುಕೊಳ್ಳುವುದು ಮಾಮೂಲು. ಕೊಡುವ ಮೊದಲು ಪವರ್ ಬ್ಯಾಂಕ್ ಮತ್ತು ಬಿಡಿ ಲಿಥಿಯಂ ಬ್ಯಾಟರಿ ತೆಗೆದು ಕೈಯಲ್ಲಿ ಇಟ್ಟುಕೊಳ್ಳಲೇಬೇಕು, ಅವು ಹೋಲ್ಡ್‌ಗೆ ನಿಷಿದ್ಧ. 100 ವಾಟ್-ಅವರ್‌ವರೆಗೆ ಅನುಮತಿ ಬೇಡ, 100ರಿಂದ 160ಕ್ಕೆ ಏರ್‌ಲೈನ್ ಒಪ್ಪಿಗೆ ಬೇಕು. ಔಷಧಿ, ಕಾಗದಪತ್ರ ಮೊದಲೇ ಒಂದು ಪುಟ್ಟ ಚೀಲದಲ್ಲಿ ಬೇರೆ ಇದ್ದರೆ ಮೆಟ್ಟಿಲ ಬುಡದಲ್ಲಿ ಸೂಟ್‌ಕೇಸ್ ಬಿಚ್ಚಿ ಹುಡುಕುವ ಪಾಡು ತಪ್ಪುತ್ತದೆ.

—

ರನ್‌ವೇ_27:

ಏರ್‌ಲೈನ್ ಯಾವುದು ಅನ್ನುವುದಕ್ಕಿಂತ ಏರ್‌ಪೋರ್ಟ್ ಎಂಥದ್ದು ಅನ್ನುವುದು ನಿಮ್ಮ ಪ್ರಶ್ನೆಯಲ್ಲಿ ದೊಡ್ಡದು. ಮಂಜು ಬಿದ್ದಾಗ ಯಾವ ಏರ್‌ಲೈನ್‌ನ ಹೆಸರೂ ನೆರವಿಗೆ ಬರುವುದಿಲ್ಲ.

ಮೊದಲು ನೋಡಬೇಕಾದದ್ದು ಐಎಲ್ಎಸ್, ಅಂದರೆ ರೇಡಿಯೋ ಸಂಕೇತದಿಂದ ವಿಮಾನವನ್ನು ರನ್‌ವೇಯತ್ತ ಇಳಿಸಿ ತರುವ ಸಾಧನ, ಇದೆಯೇ ಎಂದು. ಕ್ಯಾಟಗರಿ 1 ಐಎಲ್ಎಸ್ ಇದ್ದರೆ ಪೈಲಟ್ 200 ಅಡಿಯವರೆಗೆ ಇಳಿದು ರನ್‌ವೇ ಕಾಣುತ್ತದೆಯೇ ಎಂದು ನೋಡಬಹುದು, ರನ್‌ವೇ ಮೇಲಿನ ದೃಗ್ಗೋಚರತೆ 550 ಮೀಟರ್ ಇದ್ದರೆ ಸಾಕು. ಐಎಲ್ಎಸ್ ಇಲ್ಲದೆ, ದಿಕ್ಕು ಮಾತ್ರ ತೋರಿಸುವ ವಿಒಆರ್ ರೇಡಿಯೋ ಸಾಧನ ನಂಬಿ ಇಳಿಯುವಲ್ಲಿ ಈ ಮಿತಿಗಳು ಬಹಳ ಮೇಲೆ ಇರುತ್ತವೆ, ಸುತ್ತ ಗುಡ್ಡವಿದ್ದರೆ ಇನ್ನೂ ಮೇಲೆ. ಅದೇ ಬೆಳಗಿನ ಮಂಜಿನಲ್ಲಿ ದೊಡ್ಡ ಏರ್‌ಪೋರ್ಟ್ ನಡೆಯುತ್ತಿರುತ್ತದೆ, ಪುಟ್ಟದಕ್ಕೆ ಬಂದ ವಿಮಾನ ಎರಡು ಸುತ್ತು ಹೊಡೆದು ಬೇರೆ ಊರಿಗೆ ಹೋಗುತ್ತದೆ. ಈಚೆಗೆ ಉಪಗ್ರಹ ಆಧಾರಿತ ಎಲ್‌ಪಿವಿ ಇಳಿತ ಇರುವ ಕಡೆ ಈ ಅಂತರ ಬಹಳಷ್ಟು ಕಡಿಮೆಯಾಗಿದೆ. ಆದರೆ ಬರುವ ವಿಮಾನದಲ್ಲೂ ಅದಕ್ಕೆ ತಕ್ಕ ಉಪಕರಣ ಇರಬೇಕು.

ಎರಡನೆಯದು ವೇಳೆ. ಸಣ್ಣ ಏರ್‌ಪೋರ್ಟ್‌ಗಳು 24 ಗಂಟೆ ತೆರೆದಿರುವುದಿಲ್ಲ. ನಿಮ್ಮದು 9:40ಕ್ಕೆ ಇಳಿಯುತ್ತದೆ, ಏರ್‌ಪೋರ್ಟ್ 10:30ಕ್ಕೆ ಮುಚ್ಚುತ್ತದೆ ಅಂದುಕೊಳ್ಳಿ. ಕೈಯಲ್ಲಿ ಇರುವುದು 50 ನಿಮಿಷ. ಲೋ ಕಾಸ್ಟ್ ವಿಮಾನ ಬೆಳಗಿನಿಂದ ಐದಾರು ಹಾರಾಟ ಮಾಡುತ್ತದೆ, ಪ್ರತಿ ಬಾರಿ ನೆಲದಲ್ಲಿ ನಿಲ್ಲುವುದು 25–30 ನಿಮಿಷ ಅಷ್ಟೇ. ಅವರ ದರ ಕಡಿಮೆ ಇರುವುದಕ್ಕೆ ಇದೂ ಒಂದು ಕಾರಣ, ರಾತ್ರಿಯ ವಿಮಾನ ತಡವಾಗುವುದಕ್ಕೂ ಇದೇ ಕಾರಣ. ಬೆಳಗ್ಗೆ ಕಳೆದುಹೋದ 20 ನಿಮಿಷ ಸಂಜೆಗೆ ಒಂದು ಗಂಟೆ ಆಗಿರುತ್ತದೆ. ಅಷ್ಟರಲ್ಲಿ ಸಿಬ್ಬಂದಿಯ ಡ್ಯೂಟಿ ಅವಧಿಯೂ ಮುಗಿಯುತ್ತ ಬಂದರೆ ಹಾರಾಟವೇ ರದ್ದು. ಅದೇ ವಿಮಾನದ ಬೆಳಗಿನ ಮೊದಲ ಹಾರಾಟ ಸಿಗುವುದಾದರೆ ಕಣ್ಣುಮುಚ್ಚಿ ಅದನ್ನೇ ತೆಗೆದುಕೊಳ್ಳಿ.

ಮೂರನೆಯದು ರನ್‌ವೇ ಉದ್ದ ಮತ್ತು ಸೆಕೆ. ಪೂರ್ತಿ ಭಾರ ಹೊತ್ತ ಎಟಿಆರ್ 72ಕ್ಕೆ ಸಮುದ್ರಮಟ್ಟದಲ್ಲಿ, 15 ಡಿಗ್ರಿಯಲ್ಲಿ ಸುಮಾರು 1,300 ಮೀಟರ್ ಬೇಕು. ಎ320 ಜೆಟ್‌ಗೆ ಸುಮಾರು 2 ಕಿ.ಮೀ. ಬಿಸಿಲು ಏರಿದರೆ, ಅಥವಾ ಜಾಗ ಎತ್ತರದಲ್ಲಿದ್ದರೆ ಗಾಳಿ ತೆಳುವಾಗುತ್ತದೆ, ರೆಕ್ಕೆಗೂ ಎಂಜಿನ್‌ಗೂ ಬಲ ಸಾಲದು. ಆಗ ಭಾರ ಇಳಿಸಬೇಕು. ಕೆಳಗಿಳಿಯುವುದು ಸಾಮಾನ್ಯವಾಗಿ ಸೂಟ್‌ಕೇಸ್‌ಗಳೇ, ಅವು ಮುಂದಿನ ವಿಮಾನದಲ್ಲಿ ಬರುತ್ತವೆ. ವಾರಕ್ಕೆ ಮೂರೇ ವಿಮಾನ ಇರುವ ಕಡೆ "ಮುಂದಿನ ವಿಮಾನ" ಅಂದರೆ ಎಷ್ಟು ದಿನ ಎಂದು ನೀವೇ ಎಣಿಸಿ. ಬೇಸಿಗೆಯ ಮಧ್ಯಾಹ್ನ ಉದ್ದ ಕಡಿಮೆ ಇರುವ ರನ್‌ವೇಯಿಂದ ಹೊರಡುವವರು ಎರಡು ದಿನದ ಬಟ್ಟೆ, ಔಷಧಿ ಕೈಚೀಲದಲ್ಲೇ ಇಟ್ಟುಕೊಳ್ಳಬೇಕು.

ಇದೆಲ್ಲ ಊಹೆಯಲ್ಲಿ ಬಿಡಬೇಕಾದ್ದಲ್ಲ. ಪ್ರತಿ ದೇಶವೂ ಎಐಪಿ ಎಂಬ ವೈಮಾನಿಕ ಮಾಹಿತಿ ಪುಸ್ತಕ ಹೊರಡಿಸುತ್ತದೆ, ಬಹುತೇಕ ದೇಶಗಳದ್ದು ನೆಟ್‌ನಲ್ಲಿ ಪುಕ್ಕಟೆ ಸಿಗುತ್ತದೆ. ಅದರಲ್ಲಿ ಏರ್‌ಪೋರ್ಟ್ ಹೆಸರಿನ ಕೆಳಗೆ ಎಡಿ 2.3 ಎಂಬ ಭಾಗದಲ್ಲಿ ತೆರೆದಿರುವ ವೇಳೆ, 2.12ರಲ್ಲಿ ರನ್‌ವೇ, 2.14ರಲ್ಲಿ ದೀಪಗಳು, 2.19ರಲ್ಲಿ ಐಎಲ್ಎಸ್ ಮುಂತಾದ ಸಾಧನಗಳು. 2.6 ಕೂಡ ನೋಡಿ, ಅದು ಅಗ್ನಿಶಾಮಕ ದರ್ಜೆ. ವಿಮಾನದ ಉದ್ದದ ಮೇಲೆ ದರ್ಜೆ ನಿಂತಿರುತ್ತದೆ: ಎಟಿಆರ್ 72ಕ್ಕೆ 5, ಎ320ಗೆ 6, ಬೋಯಿಂಗ್ 737-800ಕ್ಕೆ 7. ಅಲ್ಲಿನ ಒಂದು ಅಗ್ನಿಶಾಮಕ ವಾಹನ ಕೆಟ್ಟು ದರ್ಜೆ ಇಳಿದರೆ ಎಟಿಆರ್ ಬರುತ್ತದೆ, ಜೆಟ್ ಬರದೇ ಹೋಗಬಹುದು. ಅಂಥ ತಾತ್ಕಾಲಿಕ ಬದಲಾವಣೆ ನೋಟ್ಯಾಮ್ ಎಂಬ, ಪೈಲಟ್‌ಗಳಿಗಾಗಿ ಹೊರಡಿಸುವ ಸೂಚನೆಯಲ್ಲಿ ಬರುತ್ತದೆ.

—

ಗಂಟುಮೂಟೆ:

ಮೇಲಿನವರು ಹೇಳಿದ್ದೆಲ್ಲ ಸರಿ, ಆದರೆ ತಡವಾದಾಗ ಉಳಿದ ದಾರಿಗೆ ಯಾರು ಹೊಣೆ ಅನ್ನುವುದನ್ನು ಇಬ್ಬರೂ ಮುಟ್ಟಿಲ್ಲ. ನನ್ನ ಪ್ರಕಾರ ಎರಡು ಟಿಕೆಟ್‌ಗಳ ದರದ ಅಂತರ ಇರುವುದೇ ಅಲ್ಲಿ.

ಹಬ್‌ನಲ್ಲಿ, ಅಂದರೆ ವಿಮಾನ ಬದಲಿಸುವ ದೊಡ್ಡ ಏರ್‌ಪೋರ್ಟ್‌ನಲ್ಲಿ, 1 ಗಂಟೆ 10 ನಿಮಿಷ ಅಂದಾಗ ಎಲ್ಲರೂ ಹೆದರುತ್ತಾರೆ. ಒಂದೇ ಟಿಕೆಟ್ ಆಗಿದ್ದರೆ ಅಷ್ಟು ಹೆದರಬೇಕಿಲ್ಲ. ಪ್ರತಿ ಏರ್‌ಪೋರ್ಟ್‌ಗೂ ಕನಿಷ್ಠ ಕನೆಕ್ಷನ್ ಸಮಯ ನಿಗದಿಯಾಗಿರುತ್ತದೆ, ಅದಕ್ಕಿಂತ ಕಡಿಮೆಗೆ ಒಂದೇ ಟಿಕೆಟ್ ಮಾರುವುದಿಲ್ಲ. ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿದರೆ ಮುಂದಿನದರಲ್ಲಿ ಕೂರಿಸುವುದು ಏರ್‌ಲೈನ್ ಕೆಲಸ, ಸೂಟ್‌ಕೇಸ್ ಕೂಡ ಕೊನೆಯ ಊರಿಗೇ ಟ್ಯಾಗ್ ಆಗಿರುತ್ತದೆ. ಫುಲ್ ಸರ್ವೀಸ್‌ನವರಿಗೆ ಬೇರೆ ಏರ್‌ಲೈನ್‌ಗಳ ಜೊತೆ ಇಂಟರ್‌ಲೈನ್ ಒಪ್ಪಂದ (ಒಬ್ಬರ ಟಿಕೆಟ್, ಲಗೇಜನ್ನು ಇನ್ನೊಬ್ಬರು ಒಪ್ಪುವ ಏರ್ಪಾಡು) ಇರುವುದರಿಂದ ಇನ್ನೊಬ್ಬರ ವಿಮಾನಕ್ಕೂ ಹಾಕಬಲ್ಲರು. ಬಹುತೇಕ ಲೋ ಕಾಸ್ಟ್‌ನವರಿಗೆ ಅದಿಲ್ಲ.

ನಿಜವಾದ ಅಪಾಯ ಇರುವುದು ನಿಮ್ಮ ವಾಪಸ್ ದಾರಿಯಲ್ಲಿ. ಎರಡು ಬೇರೆ ಟಿಕೆಟ್ ಅಂದರೆ ಎರಡು ಬೇರೆ ಒಪ್ಪಂದ. ಮೊದಲನೆಯದು ತಡವಾಗಿ ದೂರದ ವಿಮಾನ ತಪ್ಪಿದರೆ ಎರಡನೆಯವರ ಲೆಕ್ಕದಲ್ಲಿ ನೀವು ಬಾರದೇ ಉಳಿದವರು, ಆ ಟಿಕೆಟ್‌ನ ಮುಂದಿನ ಹಂತಗಳೂ ರದ್ದಾಗಬಹುದು. ನಡುವೆ ಸೂಟ್‌ಕೇಸ್ ಬೆಲ್ಟ್‌ನಿಂದ ತೆಗೆದು, ಹೊರಗೆ ಬಂದು, ಮತ್ತೆ ಚೆಕ್-ಇನ್ ಮಾಡಬೇಕು. ಅದು ವಿದೇಶವಾದರೆ ಒಳಗೆ ಹೋಗಲು ವೀಸಾ ಬೇಕೇ ಎಂದು ನೋಡಬೇಕು. ವಾರಕ್ಕೆ ಮೂರೇ ವಿಮಾನ ಇರುವಲ್ಲಿ ನಾಲ್ಕೈದು ಗಂಟೆ ಅಂತರ ಇಟ್ಟರೂ ಪ್ರಯೋಜನವಿಲ್ಲ, ಅದು ರದ್ದಾದರೆ ಹೋಗುವುದು ಗಂಟೆಗಳಲ್ಲ, ದಿನಗಳು. ಆ ದಾರಿಯಲ್ಲೇ ಬರುವುದಾದರೆ ಹಿಂದಿನ ವಿಮಾನಕ್ಕೆ ಬಂದು ನಗರದಲ್ಲಿ ರಾತ್ರಿ ಕಳೆಯಿರಿ. ಆ ರೂಮಿನ ಖರ್ಚನ್ನೂ "ಅರ್ಧ ದರ"ಕ್ಕೆ ಸೇರಿಸಿ.

ಕಾನೂನಿನ ಕಣ್ಣಿಗೆ ಲೋ ಕಾಸ್ಟ್, ಫುಲ್ ಸರ್ವೀಸ್ ಎಂಬ ಭೇದವಿಲ್ಲ. ಐರೋಪ್ಯ ಒಕ್ಕೂಟದ 2004ರ 261ನೇ ನಿಯಮದಂತೆ 3 ಗಂಟೆ ಅಥವಾ ಹೆಚ್ಚು ತಡವಾಗಿ ತಲುಪಿದರೆ ದೂರ ನೋಡಿ 250, 400 ಅಥವಾ 600 ಯೂರೋ. ಹವಾಮಾನ ಕಾರಣವಾದರೆ ಈ ಹಣ ಇಲ್ಲ, ಆದರೆ ಊಟ, ವಸತಿಯ ಹೊಣೆ ಆಗಲೂ ತಪ್ಪುವುದಿಲ್ಲ. ಬೇರೆ ದೇಶಗಳಲ್ಲಿ ಬೇರೆ ನಿಯಮ, ಹೊರಡುವ ದೇಶದ್ದನ್ನು ಓದಿಕೊಳ್ಳಿ.

ಅಂತರರಾಷ್ಟ್ರೀಯ ಪ್ರಯಾಣದ ಲಗೇಜ್‌ಗೆ 1999ರ ಮಾಂಟ್ರಿಯಲ್ ಒಪ್ಪಂದವಿದೆ. 2024ರ ಡಿಸೆಂಬರ್ 28ರಿಂದ ಹೊಣೆಯ ಮಿತಿ ಪ್ರತಿ ಪ್ರಯಾಣಿಕರಿಗೆ 1,519 ಎಸ್‌ಡಿಆರ್ (ಅಂತರರಾಷ್ಟ್ರೀಯ ಹಣಕಾಸು ನಿಧಿಯ ಲೆಕ್ಕದ ಮಾನ). ಸೂಟ್‌ಕೇಸ್ ಒಡೆದಿದ್ದರೆ 7 ದಿನದೊಳಗೆ, ತಡವಾಗಿ ಬಂದರೆ ಕೈಗೆ ಸಿಕ್ಕ 21 ದಿನದೊಳಗೆ ಲಿಖಿತ ದೂರು ಕೊಡಬೇಕು. ಸಣ್ಣ ಏರ್‌ಪೋರ್ಟ್‌ನಲ್ಲಿ ಕೊನೆಯ ವಿಮಾನ ಹೋದ ಮೇಲೆ ಕೌಂಟರ್ ಮುಚ್ಚುತ್ತದೆ. ಬೆಲ್ಟ್ ನಿಂತ ಕೂಡಲೇ ಪಿಐಆರ್ ಎಂಬ ಲಗೇಜ್ ದೂರಿನ ವರದಿ ಬರೆಸಿ, ನಂಬರ್ ತೆಗೆದುಕೊಂಡೇ ಹೊರಬನ್ನಿ.

—

ಪಯಣಿಗ_42:

ಹೋಗುವ ದಾರಿಗೆ ಫುಲ್ ಸರ್ವೀಸ್ ಎಂದು ಮನಸ್ಸು ವಾಲುತ್ತಿದೆ. ಮೆಟ್ಟಿಲು ಹತ್ತಲಾಗದವರಿಗೆ ಎಟಿಆರ್ ಕಷ್ಟವೇ? ಇನ್ನೊಂದು, ವಾಪಸ್ ಬರುವ ಎರಡು ಟಿಕೆಟ್‌ಗಳೂ ಒಂದೇ ಏರ್‌ಲೈನ್‌ನದ್ದಾದರೆ ಸಾಕೇ?

—

ರನ್‌ವೇ_27:

ಎಟಿಆರ್‌ಗೆ ಏರೋಬ್ರಿಜ್ ಬಳಸುವುದು ತೀರಾ ಕಡಿಮೆ. ಹಿಂಬದಿ ಎಡಗಡೆಯ ಬಾಗಿಲಿನಲ್ಲೇ ಮಡಚುವ ಐದಾರು ಮೆಟ್ಟಿಲು ಇರುತ್ತವೆ, ಕಿರಿದು. ಬುಕಿಂಗ್‌ನಲ್ಲಿ ಬರೀ "ವೀಲ್‌ಚೇರ್" ಅಂತ ಬರೆಸಿದರೆ ಸಾಲದು. ಅದರಲ್ಲಿ ಮೂರು ಬಗೆ: ಡಬ್ಲ್ಯೂಸಿಎಚ್ಆರ್ ಅಂದರೆ ಮೆಟ್ಟಿಲು ಹತ್ತಬಲ್ಲವರು, ಡಬ್ಲ್ಯೂಸಿಎಚ್ಎಸ್ ಅಂದರೆ ಹತ್ತಲಾರದವರು, ಡಬ್ಲ್ಯೂಸಿಎಚ್‌ಸಿ ಅಂದರೆ ಸೀಟಿನವರೆಗೂ ಕರೆದೊಯ್ಯಬೇಕಾದವರು. ನಿಮಗೆ ಎರಡನೆಯದು ಬೇಕು. ತಪ್ಪಿ ಮೊದಲನೆಯದು ಬಿದ್ದರೆ ಕುರ್ಚಿ ತಳ್ಳಿಕೊಂಡು ಬಂದವರು ಮೆಟ್ಟಿಲ ಬುಡದಲ್ಲಿ ಬಿಟ್ಟು ಹೋಗುತ್ತಾರೆ, ತಪ್ಪು ಅವರದಲ್ಲ. 48 ಗಂಟೆ ಮೊದಲೇ ತಿಳಿಸಿ, ಇಳಿಯುವ ಏರ್‌ಪೋರ್ಟ್‌ನಲ್ಲಿ ಎಟಿಆರ್‌ಗೆ ಹೊಂದುವ ರ್‍ಯಾಂಪ್ ಅಥವಾ ಲಿಫ್ಟ್ ಇದೆಯೇ ಎಂದು ಏರ್‌ಪೋರ್ಟ್‌ಗೇ ಫೋನ್ ಮಾಡಿ. ಹಬ್‌ನಲ್ಲಿ ವೀಲ್‌ಚೇರ್ ನೆರವಿನವರನ್ನು ಕೊನೆಗೆ ಇಳಿಸುತ್ತಾರೆ, ಆ 15–20 ನಿಮಿಷ ನಿಮ್ಮ 1 ಗಂಟೆ 10 ನಿಮಿಷದಲ್ಲೇ ಹೋಗುತ್ತದೆ. ಇವರಿಗಾಗಿ ಮುಂದಿನ ಹೆಚ್ಚು ಅಂತರದ ಕನೆಕ್ಷನ್ ಕೇಳಿ.

—

ಗಂಟುಮೂಟೆ:

ಒಂದೇ ಏರ್‌ಲೈನ್ ಆದರೆ ಸಾಲದು, ಒಂದೇ ಪಿಎನ್ಆರ್ (ಬುಕಿಂಗ್ ನಂಬರ್) ಆಗಬೇಕು. ಪಿಎನ್ಆರ್ ಬೇರೆಯಾದರೂ ಸೂಟ್‌ಕೇಸನ್ನು ಕೊನೆಯವರೆಗೆ ಟ್ಯಾಗ್ ಮಾಡಿಕೊಡುವವರು ಇದ್ದಾರೆ, ಆದರೆ ಅದು ಕೌಂಟರ್‌ನವರ ಸೌಜನ್ಯ, ನಿಮ್ಮ ಹಕ್ಕಲ್ಲ. ಕೊಳ್ಳುವಾಗ ಎಲ್ಲ ಹಂತಗಳನ್ನೂ ಒಂದೇ ಹುಡುಕಾಟದಲ್ಲಿ, "ಮಲ್ಟಿ ಸಿಟಿ" ಆಯ್ಕೆಯಲ್ಲಿ ಹಾಕಿ ನೋಡಿ. ಹಾಗೆಯೇ ಪ್ರತಿ ಹಂತದ ಕೆಳಗೆ ಚಿಕ್ಕ ಅಕ್ಷರದಲ್ಲಿ ವಿಮಾನ ಹಾರಿಸುವವರು ಯಾರು ಎಂದು ಬರೆದಿರುತ್ತದೆ. ಎಟಿಆರ್ ಹಂತವನ್ನು ಇನ್ನೊಂದು ಕಂಪನಿ ಹಾರಿಸುತ್ತಿದ್ದರೆ ವೀಲ್‌ಚೇರ್ ಕೋರಿಕೆ ಅವರಿಗೂ ತಲುಪಿದೆಯೇ ಎಂದು ಅವರನ್ನೇ ಕೇಳಿ ಖಚಿತಪಡಿಸಿಕೊಳ್ಳಿ.