ಗರ್ಭಕೋಶ ತೆಗೆಸಿದ ಮೇಲೆ ಸದಾ ಒದ್ದೆ: ಇದು ನಿಶ್ಶಕ್ತಿನಾ, ಬೇರೇನಾದರೂನಾ?

ಪ್ರಶ್ನೆ (ಸದಸ್ಯೆ, ಡೊಂಬಿವಲಿ): ಮೇಡಂ, ನಮಸ್ಕಾರ. ನನಗೆ 46 ವರ್ಷ. ಗರ್ಭಕೋಶದಲ್ಲಿ ಗಡ್ಡೆಗಳಿದ್ದವು. ತಿಂಗಳು ತಿಂಗಳು ವಿಪರೀತ ರಕ್ತ ಹೋಗಿ ಹಿಮೋಗ್ಲೋಬಿನ್ 7ಕ್ಕೆ ಇಳಿದಿತ್ತು. ಹೊಟ್ಟೆ ಕೊಯ್ದು ಗರ್ಭಕೋಶ ತೆಗೆದರು, ಓವರಿ ಎರಡೂ ಉಳಿಸಿದ್ದಾರೆ. ಹಿಂದೆ ಎರಡು ಸಿಸೇರಿಯನ್ ಆಗಿವೆ. ಈಗ ಮೂರನೇ ವಾರ. ಮನೆಗೆ ಬಂದ ಮೇಲೆ ಸ್ವಲ್ಪ ದಿನ ಚೆನ್ನಾಗೇ ಇದ್ದೆ. ಆಮೇಲೆ ಕೆಳಗಡೆ ನೀರು ನೀರಾಗಿ ಹೋಗಲು ಶುರುವಾಯಿತು. ಮಲಗಿದ್ದರೂ ಹೋಗುತ್ತದೆ, ನನಗೆ ಗೊತ್ತೇ ಆಗುವುದಿಲ್ಲ. ಬೆಳಿಗ್ಗೆ ಏಳುವಾಗ ನೈಟಿ, ಬೆಡ್‌ಶೀಟ್ ಎಲ್ಲಾ ಒದ್ದೆ. ನರ್ಸಿಂಗ್ ಹೋಮಿಗೆ ಫೋನ್ ಮಾಡಿದರೆ "ಬಿಳಿ ಹೋಗುವುದು ಮಾಮೂಲಿ, ನಿಶ್ಶಕ್ತಿ ಇರುತ್ತೆ, ಆರು ವಾರಕ್ಕೆ ಬನ್ನಿ" ಅಂದರು. ಅತ್ತೆ ನೀರು ಕಡಿಮೆ ಕುಡಿ ಅನ್ನುತ್ತಾರೆ. ಮಗಳ ಎದುರು ಏಳುವುದಕ್ಕೂ ನಾಚಿಕೆ. ಇದು ತಾನಾಗಿಯೇ ನಿಲ್ಲುತ್ತದಾ?

ಉತ್ತರ (ಸ್ತ್ರೀರೋಗ ತಜ್ಞೆ, ಮುಲುಂಡ್, ಮುಂಬೈ): ಆರು ವಾರ ಕಾಯಬೇಡಿ. ನಾಳೆಯೇ ಹೋಗಿ ತೋರಿಸಿ. ಫೋನಿನಲ್ಲಿ ಕೇಳಿ ಹೇಳುವ ವಿಷಯ ಇದಲ್ಲ, ಟೇಬಲ್ ಮೇಲೆ ಮಲಗಿಸಿ ನೋಡಲೇಬೇಕು.

ಮೊದಲು ವಾಸನೆ ನೋಡಿ. ಒದ್ದೆಯಾದ ಪ್ಯಾಡ್ ಮೂತ್ರದ ವಾಸನೆ ಬರುತ್ತದಾ? ಕೆಮ್ಮಿದಾಗ, ಸೀನಿದಾಗ ಮಾತ್ರ ಸ್ವಲ್ಪ ಹೋದರೆ ಅದು ಮೂತ್ರ ಹಿಡಿಯುವ ಸ್ನಾಯು ಸಡಿಲವಾಗಿರುವುದು. ಅವಸರವಾಗಿ, ಬಾತ್‌ರೂಮು ಮುಟ್ಟುವಷ್ಟರಲ್ಲಿ ಹೋದರೆ ಹೆಚ್ಚಾಗಿ ಮೂತ್ರದ ಸೋಂಕು. ಆಪರೇಷನ್ ವೇಳೆ ಮೂತ್ರದ ಪೈಪು (ಕ್ಯಾತಿಟರ್) ಹಾಕಿಸಿಕೊಂಡವರಿಗೆ ಅದು ಬರುವುದು ಹೊಸದೇನಲ್ಲ. ಆದರೆ ನೀವು ಹೇಳುವುದು ಬೇರೆ. ಮಲಗಿದಾಗ, ನಿದ್ದೆಯಲ್ಲಿ, ಗೊತ್ತೇ ಆಗದೆ ಹಗಲೂ ರಾತ್ರಿ ಸೋರುತ್ತಿದೆ, ಅದೂ ಕೆಲವು ದಿನ ಚೆನ್ನಾಗಿದ್ದು ಆಮೇಲೆ ಶುರುವಾಗಿದೆ. ಹೀಗಿದ್ದರೆ ಮೂತ್ರಕೋಶಕ್ಕೂ ಯೋನಿಗೂ ನಡುವೆ ಸಣ್ಣ ತೂತು ಆಗಿದೆಯಾ ಅಂತ ನಾವು ಮೊದಲು ನೋಡುತ್ತೇವೆ. ಫಿಸ್ಟುಲಾ ಅನ್ನುತ್ತಾರೆ. ಅದೇ ಅಂತ ಇಲ್ಲಿ ಕೂತು ನಾನು ಹೇಳಲಾರೆ. ಒಳಗಿನ ಹೊಲಿಗೆಯ ಜಾಗದಿಂದ ಬರೀ ನೀರು ಬರುವುದೂ ಇದೆ. ಆದರೆ ಅಲ್ಲ ಅಂತ ಖಾತ್ರಿಯಾಗುವವರೆಗೆ ಬಿಡುವ ಹಾಗಿಲ್ಲ.

ಯಾಕೆ ಆಗುತ್ತದೆ ಅಂದರೆ, ಮೂತ್ರಕೋಶ ಇರುವುದು ಗರ್ಭಕೋಶದ ಮುಂದೆಯೇ. ಸಿಸೇರಿಯನ್ ಆದವರಲ್ಲಿ ಹಳೆ ಗಾಯದಿಂದ ಎರಡೂ ಗೋಂದು ಹಚ್ಚಿದ ಹಾಗೆ ಅಂಟಿರಬಹುದು. ಬಿಡಿಸುವಾಗ ಚೂರು ಏಟು ಬೀಳಬಹುದು, ಹೊಲಿಗೆಯಲ್ಲಿ ಸಿಕ್ಕಿಕೊಳ್ಳಬಹುದು, ರಕ್ತ ನಿಲ್ಲಿಸಲು ಸುಡುವ ಉಪಕರಣದ (ಕಾಟರಿ) ಬಿಸಿ ತಾಗಬಹುದು. ಆ ಜಾಗ ತಕ್ಷಣ ಒಡೆಯುವುದಿಲ್ಲ. ದಿನ ಕಳೆದಂತೆ ಸತ್ತು, ಒಂದೆರಡು ವಾರದಲ್ಲಿ ಬಿಟ್ಟುಕೊಳ್ಳುತ್ತದೆ. ಮೊದಲ ದಿನಗಳು ಚೆನ್ನಾಗಿರುವುದು ಅದಕ್ಕೇ. ಇದರಲ್ಲಿ ನಿಮ್ಮ ತಪ್ಪೇನೂ ಇಲ್ಲ. ಬೇಗ ಎದ್ದು ಓಡಾಡಿದ್ದರಿಂದಲೂ ಅಲ್ಲ, ತಣ್ಣೀರು ಮುಟ್ಟಿದ್ದರಿಂದಲೂ ಅಲ್ಲ.

ಪರೀಕ್ಷೆ ಸುಲಭ. ಮೂತ್ರಕೋಶಕ್ಕೆ ಪೈಪಿನಿಂದ ನೀಲಿ ಬಣ್ಣದ ನೀರು ತುಂಬಿ, ಯೋನಿಯಲ್ಲಿ ಹತ್ತಿ ಇಡುತ್ತಾರೆ. ಹತ್ತಿ ನೀಲಿಯಾದರೆ ತೂತು ಮೂತ್ರಕೋಶದಲ್ಲಿದೆ. ನೀಲಿಯಾಗದೆ ಬರೀ ಒದ್ದೆಯಾದರೆ ಕಿಡ್ನಿಯಿಂದ ಮೂತ್ರ ತರುವ ನಾಳಕ್ಕೆ ಪೆಟ್ಟಾಗಿದೆಯಾ ಅಂತ ಸಿಟಿ ಸ್ಕ್ಯಾನ್ ಮಾಡಿಸುತ್ತಾರೆ. ಈ ಎರಡನೆಯದು ಇನ್ನೂ ಅವಸರದ್ದು, ಕಿಡ್ನಿಯೇ ಕೆಡಬಹುದು. ಒಂದು ಪಕ್ಕೆಯಲ್ಲಿ ನೋವು, ಚಳಿ ಜ್ವರ ಇದ್ದರೆ ನಾಳೆ ಅಲ್ಲ, ಇವತ್ತೇ ಹೋಗಿ.

ಅತ್ತೆಯವರಿಗೆ ನನ್ನ ನಮಸ್ಕಾರ ಹೇಳಿ, ನೀರು ಮಾತ್ರ ಕಡಿಮೆ ಮಾಡಬೇಡಿ. ಕಡಿಮೆ ಕುಡಿದರೆ ಸೋರುವುದು ನಿಲ್ಲುವುದಿಲ್ಲ, ಮೂತ್ರ ಗಟ್ಟಿಯಾಗಿ ತೊಡೆ ಸಂದಿ ಇನ್ನೂ ಉರಿಯುತ್ತದೆ. ಪ್ಯಾಡ್ ಬೇಗ ಬೇಗ ಬದಲಿಸಿ, ಬರೀ ನೀರಲ್ಲಿ ತೊಳೆದು ಒರೆಸಿ, ವ್ಯಾಸಲೀನ್ ಅಥವಾ ಜಿಂಕ್ ಇರುವ ಮಕ್ಕಳ ರ‍್ಯಾಶ್ ಕ್ರೀಮ್ ಹಚ್ಚಿ. ಡಿಸ್ಚಾರ್ಜ್ ಪೇಪರ್ ಜೊತೆಗೆ ಆಪರೇಷನ್ ನೋಟ್ಸಿನ ನಕಲು ಕೇಳಿ ಇಟ್ಟುಕೊಳ್ಳಿ. ಅದನ್ನು ಪಡೆಯುವುದು ನಿಮ್ಮ ಹಕ್ಕು, ಮುಂದೆ ಬೇರೆ ಡಾಕ್ಟರಿಗೆ ತೋರಿಸಲು ಬೇಕಾಗುತ್ತದೆ.

ಸದಸ್ಯೆ, ಮೀರಾ ರೋಡ್: ಮೇಡಂ, ಸುಮ್ನೆ ಹೆದರಿಸಬೇಡಿ. ನನ್ನ ನಾದಿನಿಗೂ ಹೀಗೇ ಆಗಿತ್ತು. ಮೂತ್ರ ಹಿಡಿಯುವ ಸ್ನಾಯು ಬಿಗಿಹಿಡಿದು ಬಿಡುವ ಕೀಗಲ್ ವ್ಯಾಯಾಮ ಮಾಡಿ ಎರಡು ತಿಂಗಳಲ್ಲಿ ಸರಿಹೋಯಿತು.

ಉತ್ತರ: ನಾದಿನಿಗೆ ಕೆಮ್ಮಿದಾಗ, ಏನಾದರೂ ಎತ್ತಿದಾಗ ಹೋಗುತ್ತಿತ್ತಾ ಕೇಳಿ ನೋಡಿ. ಅದಕ್ಕೆ ಕೀಗಲ್ ಒಳ್ಳೆಯ ಮದ್ದು, ನಾನೇ ದಿನಾ ಹೇಳಿಕೊಡುತ್ತೇನೆ. ತೂತು ಬಿದ್ದಿದ್ದರೆ ಯಾವ ವ್ಯಾಯಾಮವೂ ಅದನ್ನು ಮುಚ್ಚುವುದಿಲ್ಲ. ಒಬ್ಬರಿಗೆ ಸರಿಹೋಗಿದ್ದು ಇನ್ನೊಬ್ಬರನ್ನು ಎರಡು ತಿಂಗಳು ಕೂರಿಸಿಬಿಡುತ್ತದೆ, ನನಗೆ ಭಯ ಅದೊಂದೇ. ಶುರುವಿನಲ್ಲೇ ಗೊತ್ತಾದ ಸಣ್ಣ ತೂತು ಕೆಲವರಿಗೆ ಬರೀ ಪೈಪು ಇಟ್ಟೇ ಮುಚ್ಚಿಕೊಳ್ಳುತ್ತದೆ. ತಡವಾದಷ್ಟೂ ಆ ಅವಕಾಶ ಕೈತಪ್ಪುತ್ತದೆ.

ಸದಸ್ಯೆ, ಪುಣೆ: ನನಗೆ ನಾಲ್ಕನೇ ವಾರ, ಲ್ಯಾಪ್ರೊಸ್ಕೋಪಿಯಲ್ಲಿ ಆಗಿದ್ದು. ನಿಂತಿದ್ದ ಕಂದು ಬಣ್ಣದ್ದು ಮತ್ತೆ ಸ್ವಲ್ಪ ಬಂತು. ಗಾಬರಿ ಪಡಬೇಕಾ?

ಉತ್ತರ: ಒಳಗಿನ ಹೊಲಿಗೆ ಕರಗುವಾಗ ಹಾಗಾಗುತ್ತದೆ, ಪರವಾಗಿಲ್ಲ. ಕೆಂಪು ರಕ್ತ ಬಂದು ಗಂಟೆಗೊಂದು ಪ್ಯಾಡ್ ತೋಯ್ದರೆ, ಕೆಟ್ಟ ವಾಸನೆ ಬಂದರೆ, ಜ್ವರ 100.4 ದಾಟಿದರೆ, ಒಂದೇ ಕಾಲಿನ ಮೀನಖಂಡ ಊದಿ ನೋಯುತ್ತಿದ್ದರೆ ತಕ್ಷಣ ತೋರಿಸಿ. ಇದ್ದಕ್ಕಿದ್ದಂತೆ ಉಸಿರು ಕಟ್ಟಿದರೆ ಯಾರನ್ನೂ ಕೇಳದೆ ನೇರ ಎಮರ್ಜೆನ್ಸಿಗೆ ಹೋಗಿ. ಗಂಡನ ಜೊತೆ ಸೇರುವುದು ಆರರಿಂದ ಎಂಟು ವಾರ ಬೇಡ, ಅದೂ ಡಾಕ್ಟರು ಒಳಗಿನ ಹೊಲಿಗೆ ನೋಡಿ ಸರಿ ಅಂದ ಮೇಲೆ. ಇದನ್ನು ಕೇಳಲು ಎಲ್ಲರೂ ಹಿಂದೆಮುಂದೆ ನೋಡುತ್ತಾರೆ, ಅದಕ್ಕೆ ನಾನೇ ಹೇಳಿಬಿಟ್ಟೆ.

ಸದಸ್ಯೆ, ಮಡಗಾಂವ್: ನನಗೆ 41. ಓವರಿ ಎರಡೂ ತೆಗೆದಿದ್ದಾರೆ. ರಾತ್ರಿ ಮೈಯೆಲ್ಲಾ ಬಿಸಿಯಾಗಿ ಬೆವರಿ ಎಚ್ಚರವಾಗುತ್ತದೆ, ಸಿಟ್ಟು ಜಾಸ್ತಿ. ಹಾರ್ಮೋನ್ ಮಾತ್ರೆ ತಗೊಂಡರೆ ಕ್ಯಾನ್ಸರ್ ಬರುತ್ತದೆ ಅಂತ ಅಕ್ಕ ಹೆದರಿಸಿದ್ದಾಳೆ.

ಉತ್ತರ: ಓವರಿ ಉಳಿದಿದ್ದರೆ ಮುಟ್ಟು ನಿಂತರೂ ಹಾರ್ಮೋನ್ ಬರುತ್ತಲೇ ಇರುತ್ತದೆ. ಎರಡೂ ಹೋದರೆ ಒಂದೇ ದಿನದಲ್ಲಿ ನಿಲ್ಲುತ್ತದೆ, ನಿಮಗೆ ಆಗಿದ್ದು ಅದೇ. ನಿಮ್ಮ ವಯಸ್ಸಿಗೆ ಸಹಜವಾಗಿ ಮುಟ್ಟು ನಿಲ್ಲುವ 50ರ ಆಸುಪಾಸಿನವರೆಗೆ ಹಾರ್ಮೋನ್ ಕೊಡುವುದೇ ವಾಡಿಕೆ. ಬರೀ ಬಿಸಿ ಏರುವುದಕ್ಕಲ್ಲ, ಮೂಳೆಗೂ ಹೃದಯಕ್ಕೂ ಅದು ಬೇಕು. ಗರ್ಭಕೋಶ ಇಲ್ಲದವರಿಗೆ ಸಾಮಾನ್ಯವಾಗಿ ಈಸ್ಟ್ರೋಜನ್ ಒಂದೇ ಸಾಕು. ಅಕ್ಕ ಕೇಳಿರುವುದು ಹೆಚ್ಚಾಗಿ ವಯಸ್ಸಾದವರು ಈಸ್ಟ್ರೋಜನ್ ಜೊತೆ ಪ್ರೊಜೆಸ್ಟಿನ್ ಅನ್ನುವ ಇನ್ನೊಂದು ಹಾರ್ಮೋನ್ ಸೇರಿಸಿ ತಗೊಳ್ಳುವ ವಿಷಯ ಇರಬೇಕು. ಆದರೆ ನಿಮಗೆ ಸ್ತನದ ಕ್ಯಾನ್ಸರ್ ಆಗಿದ್ದರೆ, ಕಾಲಲ್ಲಿ ರಕ್ತ ಹೆಪ್ಪುಗಟ್ಟಿದ್ದರೆ, ಲಿವರ್ ತೊಂದರೆ ಇದ್ದರೆ ಲೆಕ್ಕ ಬೇರೆ. ಎಂಡೊಮೆಟ್ರಿಯೋಸಿಸ್‌ಗೆ (ಗರ್ಭಕೋಶದ ಒಳಪದರದಂಥದ್ದು ಹೊರಗೆ ಬೆಳೆಯುವ ಕಾಯಿಲೆ) ತೆಗೆಸಿದ್ದರೆ ಅದನ್ನೂ ಡಾಕ್ಟರಿಗೆ ಹೇಳಿ. ಅಂಗಡಿಯಲ್ಲಿ ಕೇಳಿ ತಂದು ನುಂಗಬೇಡಿ.

ಸದಸ್ಯ, ಘಾಟ್‌ಕೋಪರ್: ಡಾಕ್ಟರೇ, ನನ್ನ ಹೆಂಡತಿಗೆ ಹೊಟ್ಟೆ ಕೊಯ್ದು ಆಪರೇಷನ್ ಆಗಿ ಐದನೇ ವಾರ. ಫೋರ್ಟ್‌ನಲ್ಲಿ ಕೂತು ಮಾಡುವ ಕೆಲಸ. ಹೋಗಬಹುದಾ?

ಉತ್ತರ: ಕೆಲಸ ಕೂತು ಮಾಡುವುದೇ ಇರಬಹುದು. ಆದರೆ ಬೆಳಿಗ್ಗೆ ಒಂಬತ್ತರ ಲೋಕಲ್ ರೈಲಿನ ಲೇಡೀಸ್ ಡಬ್ಬಿಯಲ್ಲಿ ಯಾರೂ ಕೂರುವುದಿಲ್ಲ, ಅಲ್ವಾ? ಒಂದು ಕೈ ಮೇಲೆ ಹಿಡಿದು ತೂಗಾಡುವುದು, ಹೊಟ್ಟೆಗೆ ಬ್ಯಾಗು, ಮೊಣಕೈ ತಗಲುವುದು, ಬ್ರಿಜ್ ಹತ್ತಿಳಿಯುವುದು. ನಾನು ರಜೆ ಚೀಟಿ ಬರೆಯುವುದು ಆಫೀಸು ನೋಡಿ ಅಲ್ಲ, ಈ ಪ್ರಯಾಣ ನೋಡಿ. ಎಂಟು ವಾರ ಆಗಲಿ. ಮೊದಲ ಹದಿನೈದು ದಿನ ಜನ ಕಡಿಮೆಯಾದ ಮೇಲೆ ಹನ್ನೊಂದರ ಸುಮಾರಿಗೆ ಹೋಗಲು ಆಫೀಸಿನವರು ಬಿಟ್ಟರೆ ಇನ್ನೂ ಒಳ್ಳೆಯದು.

ಮನೆಯಲ್ಲೂ ಅಷ್ಟೇ. ನಾಲ್ಕೈದು ಕೆಜಿಗಿಂತ ಭಾರ ಬೇಡ ಅಂದರೆ ಎಲ್ಲರೂ ಹೂಂ ಅನ್ನುತ್ತಾರೆ, ಬೆಳಿಗ್ಗೆ ನಲ್ಲಿ ಬಂದಾಗ ಬಕೆಟ್ ಎತ್ತುತ್ತಾರೆ. 20 ಲೀಟರ್ ಬಕೆಟ್ ಅರ್ಧ ತುಂಬಿದರೇ 10 ಕೆಜಿ. ನೀರು ತುಂಬಿಸುವ ಕೆಲಸ ಸದ್ಯಕ್ಕೆ ನಿಮ್ಮದು ಸಾರ್. ಮಲಬದ್ಧತೆ ಇದ್ದರೆ ಇಸಬ್‌ಗೋಲ್ ಕೊಡಿ. ತಿಣುಕುವುದೂ ಭಾರ ಎತ್ತಿದಷ್ಟೇ ಕೆಟ್ಟದ್ದು. ಆದರೆ ಮಂಚ ಬಿಟ್ಟು ಇಳಿಯಬಾರದು ಅನ್ನುವ ಬಾಣಂತನದ ಲೆಕ್ಕ ಇಲ್ಲಿ ಬೇಡ. ದಿನಾ ನಡೆಯಲಿ, ಇಲ್ಲದಿದ್ದರೆ ಕಾಲಲ್ಲಿ ರಕ್ತ ಗಟ್ಟಿಯಾಗುತ್ತದೆ.

ಡೊಂಬಿವಲಿ ಸದಸ್ಯೆ (ಮತ್ತೆ): ಮೇಡಂ, ಹೋಗಿ ತೋರಿಸಿದೆ. ಹತ್ತಿ ನೀಲಿಯಾಯಿತು. ಸಿಟಿಯಲ್ಲಿ ಕಿಡ್ನಿ, ನಾಳ ಸರಿಯಿದೆ. ಪೈಪು ಹಾಕಿ ಕಳಿಸಿದ್ದಾರೆ, ನಾಲ್ಕು ವಾರ ಇರಲಿ ಅಂದರು. ಸೋರುವುದು ತುಂಬಾ ಕಡಿಮೆಯಾಗಿದೆ. ಮುಚ್ಚದಿದ್ದರೆ ಮತ್ತೆ ಆಪರೇಷನ್ನಾ?

ಉತ್ತರ: ನಾಳ ಸರಿಯಿದೆ ಅನ್ನುವುದು ದೊಡ್ಡ ಸಮಾಧಾನ. ಪೈಪು ಇದ್ದಾಗ ಮೂತ್ರಕೋಶ ಖಾಲಿ ಇರುತ್ತದೆ, ತೂತಿನ ಮೇಲೆ ಒತ್ತಡ ಬೀಳದೆ ಮಾಯಲು ಸಮಯ ಸಿಗುತ್ತದೆ. ಚೀಲ ಯಾವಾಗಲೂ ಸೊಂಟಕ್ಕಿಂತ ಕೆಳಗಿರಲಿ, ಆದರೆ ನೆಲಕ್ಕೆ ತಾಗದಿರಲಿ. ಪೈಪು ತೊಡೆ ಕೆಳಗೆ ಮಡಚಿಕೊಂಡಿದೆಯಾ ಅಂತ ಮಲಗುವ ಮುಂಚೆ ನೋಡಿ. ಚೀಲಕ್ಕೆ ಮೂತ್ರ ಬರುವುದು ನಿಂತು ಹೊಟ್ಟೆ ಕೆಳಗೆ ಬಿಗಿದರೆ ಪೈಪು ಕಟ್ಟಿದೆ ಅಂತ ಅರ್ಥ, ಎಷ್ಟೇ ರಾತ್ರಿಯಾದರೂ ಹೋಗಿ. ಓಡಾಡಲು ಕಾಲಿಗೆ ಕಟ್ಟುವ ಸಣ್ಣ ಚೀಲ ಮೆಡಿಕಲ್ ಅಂಗಡಿಯಲ್ಲಿ ಸಿಗುತ್ತದೆ. ನೈಟಿ ಒಳಗೆ ಯಾರಿಗೂ ಕಾಣುವುದಿಲ್ಲ, ಮಗಳ ಎದುರು ಆರಾಮಾಗಿ ಓಡಾಡಬಹುದು.

ಮುಚ್ಚದಿದ್ದರೆ ರಿಪೇರಿ ಆಪರೇಷನ್ ಇದೆ. ಊತ ಇಳಿದು ಅಂಗಾಂಶ ಗಟ್ಟಿಯಾಗಲು ಸಾಮಾನ್ಯವಾಗಿ ಆರರಿಂದ ಹನ್ನೆರಡು ವಾರ ಬಿಟ್ಟು ಮಾಡುತ್ತಾರೆ. ಇಂಥ ಸಣ್ಣ ತೂತು ಹೆಚ್ಚಿನವರಿಗೆ ಒಂದೇ ಸಲಕ್ಕೆ ಮುಚ್ಚುತ್ತದೆ. ಯಾರ ಹತ್ತಿರ ಹೋದರೂ ಇಂಥ ಕೇಸು ಎಷ್ಟು ಮಾಡಿದ್ದೀರಿ ಅಂತ ನೇರವಾಗಿ ಕೇಳಿ, ಬೇಜಾರು ಮಾಡಿಕೊಳ್ಳುವವರ ಹತ್ತಿರ ಹೋಗಬೇಡಿ. ಖರ್ಚಿನ ಯೋಚನೆಯಿದ್ದರೆ ಪರೇಲ್‌ನ ಕೆಇಎಂ, ಸಾಯನ್, ನಾಯರ್ ಆಸ್ಪತ್ರೆಗಳಲ್ಲಿ ಯುರಾಲಜಿ (ಮೂತ್ರರೋಗಗಳ) ವಿಭಾಗ ಇದೆ. ಬೆಳಿಗ್ಗೆ ಬೇಗ ಹೋಗಿ ಕೇಸ್ ಪೇಪರ್ ಮಾಡಿಸಿ. ಮೆಡಿಕ್ಲೇಮ್ ಇದ್ದರೆ ಈ ಸಿಟಿ, ಪೈಪಿನ ಬಿಲ್ ಎಸೆಯಬೇಡಿ. ಅನೇಕ ಪಾಲಿಸಿಗಳಲ್ಲಿ ಡಿಸ್ಚಾರ್ಜ್ ಆದ ಮೇಲಿನ 60 ದಿನದ ಖರ್ಚೂ ಸಿಗುತ್ತದೆ. ಇನ್ನೊಂದು, ತೆಗೆದ ಗರ್ಭಕೋಶದ ಬಯಾಪ್ಸಿ ವರದಿ ಬಂತಾ? ನೀವು ಎಲ್ಲೂ ಹೇಳಲೇ ಇಲ್ಲ. ಅದನ್ನು ಕೇಳಿ ತಂದು ಇದೇ ಫೈಲಿಗೆ ಹಾಕಿ.