"ಬಿಡಜ್ಜಿ ನಿಂಗೆ ಗೊತ್ತಾಗಲ್ಲ" ಅನ್ನೋ ಮಗನಿಗೆ ಏನ್ ಹೇಳೋದು?

ಇಬ್ಬರ ಅಮ್ಮ:
ಮಗನಿಗೆ 13 ವರ್ಷ. ನಮ್ಮತ್ತೆ ಫೋಟೊ ಹೇಗೆ ಕಳ್ಸೋದು ಅಂತ ಎರಡನೇ ಸಲ ಕೇಳಿದ್ರೆ ಸಾಕು, ಫೋನ್ ಕಿತ್ಕೊಂಡು ತಾನೇ ಕಳ್ಸಿ "ಬಿಡಜ್ಜಿ ನಿಂಗೆ ಗೊತ್ತಾಗಲ್ಲ" ಅಂತಾನೆ. ಒರಟ ಏನಲ್ಲ, ಅದೇ ಅಜ್ಜಿಗೆ ಮಾತ್ರೆ ನೆನಪಿಸೋನೂ ಅವ್ನೇ. ಮೊನ್ನೆ 5 ವರ್ಷದ ಮಗಳಿಗೆ ತಾತನ ಚಿತ್ರ ಬರಿ ಅಂದ್ರೆ ಗೂನು ಬೆನ್ನು ಮಾಡಿ ಕೈಗೊಂದು ಕೋಲು ಕೊಟ್ಟವ್ಳೆ, ಅವಳ ತಾತ ದಿನಾ ಸೈಕಲ್ ಹೊಡೀತಾರೆ ಕಣ್ರೀ! ಎಲ್ಲಿಂದ ಕಲೀತಾರೆ ಇದನ್ನೆಲ್ಲ? ಬೈದ್ರೆ ಸರಿಹೋಗುತ್ತಾ?

ಓದೋಹುಳ:
ಮಗಳದ್ದು ಆಶ್ಚರ್ಯ ಏನಲ್ಲ ಬಿಡಿ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ವಯಸ್ಸಿನ ತಾರತಮ್ಯದ ಬಗ್ಗೆ ದೊಡ್ಡ ವರದಿ ತಂತಲ್ಲ, ಅದ್ರಲ್ಲೇ ಇದೆ, 4 ವರ್ಷಕ್ಕೇ ಮಕ್ಕಳು ಸುತ್ತಲಿನವರ ಇಂಥ ಅಭಿಪ್ರಾಯಗಳನ್ನ ಹಿಡ್ಕೊಳ್ಳೋಕೆ ಶುರು ಮಾಡ್ತಾರೆ ಅಂತ. ಮಗನಿಗೆ ನೇರ ಹೇಳಿ, ವಯಸ್ಸಾದ್ಮೇಲೆ ಹೊಸದು ಕಲಿಯೋದು ನಿಧಾನ ಆಗ್ಬಹುದು, ಆದ್ರೆ ಮಾತಿನ ಸಂಪತ್ತು ಅನುಭವದ ತಿಳುವಳಿಕೆ ಎಲ್ಲ ಬಹಳ ಕಾಲ ಗಟ್ಟಿಯಾಗೇ ಇರುತ್ತೆ. ನಿಧಾನ ಬೇರೆ, ದಡ್ಡತನ ಬೇರೆ.

ಸೀಮೆಸುಣ್ಣ:
ಹಿರಿಯರ ಜೊತೆ ಬೆರೆಸಿದ್ರೆ ಸಾಕು ಅಂತ ಯಾರಾದ್ರೂ ಹೇಳಿದ್ರೆ ನಂಬಬೇಡಿ, ನಾನು ಕೈ ಸುಟ್ಕೊಂಡಿದೀನಿ. 9ನೇ ಕ್ಲಾಸ್ ಮಕ್ಕಳನ್ನ ವೃದ್ಧಾಶ್ರಮಕ್ಕೆ ಕರ್ಕೊಂಡ್ಹೋಗಿ ಹಣ್ಣು ಹಂಚ್ಸಿ ಹಾಡು ಹೇಳ್ಸಿ ಫೋಟೊ ತೆಗೆಸ್ಕೊಂಡು ಬಂದ್ವಿ, ಆಮೇಲೆ ಪ್ರಬಂಧ ಬರೀರಿ ಅಂದ್ರೆ ಅರ್ಧಕ್ಕರ್ಧ ಮಕ್ಕಳದ್ದು "ಪಾಪ" ಅಂತಲೇ ಶುರು. ಮುಂದಿನ ವರ್ಷ ಹಳೇ ಸೈಕಲ್ ಮೆಕ್ಯಾನಿಕ್ ಒಬ್ಬರನ್ನ ಸ್ಕೂಲಿಗೇ ಕರೆಸ್ದೆ. ಅವರ ಕಣ್ಣು ಮಂಜು, ಹಾಗಾಗಿ ಟ್ಯೂಬ್ ನೀರಲ್ಲಿ ಮುಳುಗ್ಸಿ ಗುಳ್ಳೆ ಎಲ್ಲಿ ಏಳುತ್ತೆ ನೋಡೋದು ಹುಡುಗ್ರ ಕೆಲಸ. ಆದ್ರೆ ಪ್ಯಾಚ್ ಹಾಕೋಕೆ ಮುಂಚೆ ಎಷ್ಟು ಉಜ್ಜಬೇಕು ಅನ್ನೋದು ಅವರ ಹೆಬ್ಬೆರಳಿಗೇ ಗೊತ್ತು, ಹುಡುಗ್ರು ಅವಸರ ಮಾಡಿ ಅಂಟಿಸಿದ್ದು ಎಲ್ಲಾ ಕಿತ್ಕೊಂಡು ಬಂತು. ಆಲ್‌ಪೋರ್ಟ್ ಅನ್ನೋ ಮನಶ್ಶಾಸ್ತ್ರಜ್ಞ 1954ರಲ್ಲೇ ಬರೆದಿದ್ದು ಇದೇ, ಎರಡೂ ಕಡೆಯವರು ಸಮಸಮ ನಿಂತು ಒಂದೇ ಗುರಿಗೆ ಕೆಲಸ ಮಾಡಿದ್ರೆ ಪೂರ್ವಾಗ್ರಹ ಕಮ್ಮಿ ಆಗುತ್ತೆ ಅಂತ. ಹಣ್ಣು ಕೊಡೋರು ತಗೊಳ್ಳೋರು ಸಮ ಹೇಗಾಗ್ತಾರೆ ಹೇಳಿ?

ಎಪ್ಪತ್ತೆರಡು:
ನಮ್ಮ ಬಾಯೂ ಸರಿ ಇಲ್ಲಪ್ಪ. ಮೊಮ್ಮಗಳು ಕೀ ಮರೆತ್ರೆ ಅದು ಮರೆವು, ನಾನು ಮರೆತ್ರೆ "ವಯಸ್ಸಾಯ್ತಲ್ಲ", ಅದನ್ನ ಅನ್ನೋನೂ ನಾನೇ! ನೀವು ಒಂದು ಬಿಳಿ ಕೂದ್ಲು ಕಂಡ್ರೆ ಕನ್ನಡಿ ಮುಂದೆ ಅಯ್ಯೋ ಅಂತೀರಲ್ಲ, ಮಕ್ಕಳು ಅದನ್ನೂ ಕೇಳಿಸ್ಕೊಂಡಿರ್ತಾವೆ. ಇನ್ನು ನಾವು "ಈಗಿನ ಹುಡುಗ್ರು ಸೋಮಾರಿಗಳು" ಅನ್ನೋದೇನು ಕಮ್ಮಿನಾ.

ಇಬ್ಬರ ಅಮ್ಮ:
ಕೂದ್ಲಿನ ವಿಷ್ಯ ನನಗೇ ತಗುಲ್ತು ಸರ್ 🙈 ಸೀಮೆಸುಣ್ಣ ಅವರದ್ದು ಓದಿ ನಿನ್ನೆ ಮಗನಿಗೆ ಒಂದೇ ಷರತ್ತು ಹಾಕ್ದೆ, ಹೇಳ್ಕೊಡು, ಆದ್ರೆ ಫೋನ್ ಮುಟ್ಟಂಗಿಲ್ಲ, ಕೈ ಹಿಂದೆ ಕಟ್ಕೋ. ಒದ್ದಾಡಿಬಿಟ್ಟ. ಫೋಟೊ ಮೊದ್ಲು ಇನ್ಯಾರಿಗೋ ಹೋಯ್ತು, ಎರಡನೇದು ಸರಿಯಾಗಿ ಬಂತು. ಈಗ ಅತ್ತೆ ಅವನ ಶರ್ಟಿನ ಗುಂಡಿ ಅವನ ಕೈಲೇ ಹೊಲಿಸ್ತಿದಾರೆ, ಕೈ ಹಿಂದೆ ಕಟ್ಕೊಂಡು.